ಏರಿದ್ದು ಅಪರಾಧವೋ, ದೂರೋ?

ವರ್ಷಕ್ಕೊಮ್ಮೆ, ಕೆಲವು ಸಲ ತುಸು ತಡವಾಗಿಯಾದರೂ, ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತನ್ನ ವಾರ್ಷಿಕ ವರದಿಯನ್ನು ಹೊರತಂದ ಮರುದಿನ ‘ದೇಶದಲ್ಲಿ ಅಪರಾಧ ಇಷ್ಟು ಶೇಕಡಾ ಹೆಚ್ಚಳ’ ಎಂಬ ದಪ್ಪಕ್ಷರದ ತಲೆಬರಹ ಕಣ್ಣಿಗೆ ರಾಚುತ್ತದೆ. ಅಂದು ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಬೇರೆ ಮಾತಿಲ್ಲ. ಕಾಲ ಕೆಟ್ಟುಹೋಯಿತು, ನಮ್ಮ ಬಾಲ್ಯದಲ್ಲಿ ಬಾಗಿಲಿಗೆ ಅಗುಳಿಯನ್ನೇ ಹಾಕುತ್ತಿರಲಿಲ್ಲ ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ. ಕಿರಿಯರು ತಲೆಯಾಡಿಸುತ್ತಾರೆ. ಸಂಜೆ ಮನೆಗೆ ಹೋದ ಮೇಲೆ ಅದೇ ಮಾತು ಮಕ್ಕಳ ಕಿವಿಗೂ ಬೀಳುತ್ತದೆ.

ಮೂವತ್ತು ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಪಾಠ ಹೇಳಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾರಾದರೂ ಒಂದು ಅಳತೆಯನ್ನು ಹೇಳಿದ ಕೂಡಲೇ, ಅಳೆದ ಸಾಧನ ಯಾವುದು ಎಂದು ಕೇಳುವ ಚಟ. ಒಂಬತ್ತನೆಯ ತರಗತಿಯ ಹುಡುಗನಿಗೂ ಗೊತ್ತು, ಸ್ಕ್ರೂಗೇಜಿನಲ್ಲಿ ಶೂನ್ಯದೋಷವಿದ್ದರೆ ತಂತಿಯ ದಪ್ಪ ತಪ್ಪಾಗಿ ಬರುತ್ತದೆ. ತಂತಿ ದಪ್ಪಗಾಗಿರುವುದಿಲ್ಲ, ಓದು ಮಾತ್ರ ಬದಲಾಗಿರುತ್ತದೆ. ದೇಶದ ಅಪರಾಧವನ್ನು ಅಳೆಯುವ ಸಾಧನ ಪೊಲೀಸ್ ಠಾಣೆಯ ದಾಖಲೆ. ಆ ಸಾಧನದ ಗುಣದೋಷ ತಿಳಿಯದೆ ಅದರ ಓದನ್ನು ನಂಬಿ ಮಕ್ಕಳ ಭವಿಷ್ಯದ ಬಗ್ಗೆ ತೀರ್ಮಾನ ಕೈಗೊಳ್ಳುವುದು ಸರಿಯೇ? ಈ ಪ್ರಶ್ನೆಯನ್ನು ನಾನು ಸುಮ್ಮನೆ ಎತ್ತುತ್ತಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಪುಸ್ತಕಕ್ಕೆ ಸೇರದ ಕಳವು

‘ಕ್ರೈಮ್ ಇನ್ ಇಂಡಿಯಾ’ ಎಂಬ ಈ ವರದಿ 1953ರ ಅಂಕಿ-ಅಂಶಗಳಿಂದ ಆರಂಭವಾಗುತ್ತದೆ. 1986ರಲ್ಲಿ ಬ್ಯೂರೋ ಸ್ಥಾಪನೆಯಾದ ಮೇಲೆ ಅದರ ಹೊಣೆ ಬ್ಯೂರೋಗೆ ಬಂತು. ಹಳ್ಳಿಯ ಠಾಣೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಲೆಕ್ಕ ಏರುತ್ತ ಹೋಗುತ್ತದೆ. 1953ರಲ್ಲಿ ಭಾರತೀಯ ದಂಡ ಸಂಹಿತೆಯಡಿ ಇಡೀ ದೇಶದಲ್ಲಿ ದಾಖಲಾದ ಪ್ರಕರಣಗಳು 6,01,964. 2023ರಲ್ಲಿ 37,63,102. ಜನಸಂಖ್ಯೆ ಈ ಅವಧಿಯಲ್ಲಿ ನಾಲ್ಕು ಪಟ್ಟಿಗಿಂತ ಕಡಿಮೆ ಬೆಳೆದಿದ್ದರೆ ದಾಖಲಾದ ಅಪರಾಧ ಆರು ಪಟ್ಟು ಮೀರಿದೆ. ನೋಡಿದವರಿಗೆ ಗಾಬರಿಯಾಗುವುದು ಸಹಜವೇ.

ಆದರೆ ಒಂದು ಅಪರಾಧ ಈ ಪುಸ್ತಕಕ್ಕೆ ಸೇರಬೇಕಾದರೆ ಎಷ್ಟು ಹೊಸ್ತಿಲು ದಾಟಬೇಕು, ಯೋಚಿಸಿ. ಮೊದಲು ಘಟನೆ ನಡೆಯಬೇಕು. ನೊಂದವರು ಅದನ್ನು ಬಾಯಿಬಿಟ್ಟು ಹೇಳಬೇಕು. ಠಾಣೆಯವರೆಗೆ ಹೋಗಬೇಕು. ಅಲ್ಲಿ ಅದನ್ನು ಎಫ್‌ಐಆರ್ ಎಂದು ಬರೆದುಕೊಳ್ಳಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ದೆಹಲಿಯ ಪುಸ್ತಕದಲ್ಲಿ ಆ ಘಟನೆ ನಡೆದೇ ಇಲ್ಲ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಬೇಸಿಗೆ ರಜೆಯ ನಡುವೆ ಪ್ರಯೋಗಾಲಯದ ಕಿಟಕಿ ಮುರಿದು ತಾಮ್ರದ ಕ್ಯಾಲರಿಮೀಟರುಗಳನ್ನು, ಹಿತ್ತಾಳೆಯ ತೂಕದ ಬಟ್ಟುಗಳನ್ನು ಯಾರೋ ಹೊತ್ತೊಯ್ದರು. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುವ ವಸ್ತುಗಳು. ನಮಗಾದರೋ ಆ ವರ್ಷದ ಉಷ್ಣದ ಪ್ರಯೋಗಗಳೇ ನಿಂತುಹೋದವು. ದೂರು ಕೊಡೋಣವೆಂದೆ. ದೂರು ಕೊಟ್ಟರೆ ಇಲಾಖೆಯಿಂದ ವಿಚಾರಣೆ, ಬೀಗದ ಕೈ ಯಾರ ಬಳಿ ಇತ್ತೆಂಬ ಪ್ರಶ್ನೆ, ಜವಾನನ ಸಂಬಳಕ್ಕೆ ಕತ್ತರಿ, ಶಾಲೆಗೆ ಕೆಟ್ಟ ಹೆಸರು ಎಂದು ಹಿರಿಯರೆಲ್ಲ ಸೇರಿ ನನ್ನ ಬಾಯಿ ಮುಚ್ಚಿಸಿದರು. ದಾಸ್ತಾನು ಪುಸ್ತಕದಲ್ಲಿ ‘ಬಳಕೆಯಿಂದ ಸವೆದು ಹಾಳಾದದ್ದು’ ಎಂದು ಬರೆದಾಯಿತು. ಆ ವರ್ಷದ ಅಪರಾಧ ವರದಿಯಲ್ಲಿ ಒಂದು ಕಳವು ಕಡಿಮೆಯಾಯಿತು. ಊರು ಅಷ್ಟರಮಟ್ಟಿಗೆ ಸುರಕ್ಷಿತವಾಯಿತೇ?

ಮೊಬೈಲ್ ಕಳವಾದವರು ‘ಕಳೆದುಹೋಗಿದೆ’ ಎಂದು ಅರ್ಜಿ ಬರೆದು ಸ್ವೀಕೃತಿ ಪಡೆದು ಬರುವುದೂ ಇದೇ ಜಾತಿಗೆ ಸೇರಿದ್ದು. ‘ಕಳವು’ ಮತ್ತು ‘ಕಳೆದದ್ದು’ ಎಂಬ ಎರಡು ಪದಗಳ ನಡುವೆ ಒಂದು ಅಪರಾಧವೇ ಮಾಯವಾಗುತ್ತದೆ.

ಇದನ್ನು ತರಗತಿಯಲ್ಲಿ ನಾನು ಒಂದು ಲೆಕ್ಕವಾಗಿ ಕೊಡುತ್ತೇನೆ. ಒಂದು ಊರಿನಲ್ಲಿ ಮೊದಲ ವರ್ಷ 100 ಕಳವು ನಡೆದವು, ಅವುಗಳಲ್ಲಿ 10 ದಾಖಲಾದವು ಎನ್ನೋಣ. ಮರುವರ್ಷ 80 ಕಳವು ನಡೆದವು. ಒಳ್ಳೆಯ ಅಧಿಕಾರಿ ಬಂದು ಜನರಿಗೆ ಧೈರ್ಯ ಕೊಟ್ಟದ್ದರಿಂದ ಶೇಕಡಾ 20ರಷ್ಟು, ಎಂದರೆ 16 ದಾಖಲಾದವು. ನಡೆದ ಕಳವು ಶೇಕಡಾ 20ರಷ್ಟು ಇಳಿದಿದೆ. ಪತ್ರಿಕೆಯಲ್ಲಿ ಬರುವುದು ಏನು? ‘ಕಳವು ಪ್ರಕರಣಗಳಲ್ಲಿ ಶೇಕಡಾ 60 ಹೆಚ್ಚಳ!’ ಆ ಒಳ್ಳೆಯ ಅಧಿಕಾರಿಗೆ ಮೇಲಿನವರಿಂದ ಛೀಮಾರಿ.

ಏರಿಕೆಯ ಹಿಂದಿನ ಕಥೆ

ಇದು ಕೇವಲ ಕಪ್ಪುಹಲಗೆಯ ಲೆಕ್ಕವಲ್ಲ. ದೆಹಲಿಯಲ್ಲಿ 2012ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 706, 2013ರಲ್ಲಿ 1,636. ಇಡೀ ದೇಶದಲ್ಲಿ 24,923 ಇದ್ದದ್ದು 33,707 ಆಯಿತು. ಒಂದೇ ವರ್ಷದಲ್ಲಿ ರಾಜಧಾನಿಯ ಗಂಡಸರೆಲ್ಲ ಎರಡು ಪಟ್ಟು ದುಷ್ಟರಾದರೆಂದು ನಂಬಲು ಸಾಧ್ಯವೇ? ನಡುವೆ ನಡೆದದ್ದೇನೆಂದು ಎಲ್ಲರಿಗೂ ತಿಳಿದಿದೆ. 2012ರ ಡಿಸೆಂಬರಿನ ಬಸ್ಸಿನ ಘಟನೆಯಿಂದ ದೇಶವೇ ಬೀದಿಗಿಳಿಯಿತು. 2013ರಲ್ಲಿ ಕಾನೂನು ತಿದ್ದುಪಡಿಯಾಗಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. ಇಂಥ ದೂರನ್ನು ಬರೆದುಕೊಳ್ಳದ ಪೊಲೀಸರೇ ಶಿಕ್ಷೆಗೆ ಗುರಿಯಾಗಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಲಲಿತಾ ಕುಮಾರಿ ಪ್ರಕರಣದಲ್ಲಿ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ತೀರ್ಪಿತ್ತಿತು. ಹೆಣ್ಣುಮಕ್ಕಳು ಬಾಯಿಬಿಟ್ಟರು, ಠಾಣೆಗಳು ಬರೆದುಕೊಂಡವು. ಅಂಕಿ ಏರಿತು.

ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2020ರಲ್ಲಿ ಕೊರೋನಾ ಲಾಕ್‌ಡೌನಿನಿಂದ ತಿಂಗಳುಗಟ್ಟಲೆ ಜನ ಮನೆಯೊಳಗಿದ್ದರು. ಆದರೂ ಆ ವರ್ಷ ದೇಶದ ಒಟ್ಟು ಅಪರಾಧ 51,56,158ರಿಂದ 66,01,285ಕ್ಕೆ, ಅಂದರೆ ಶೇಕಡಾ 28ರಷ್ಟು ಏರಿತು! ಮುಖ್ಯ ಕಾರಣ, ಸರ್ಕಾರಿ ಆದೇಶ ಉಲ್ಲಂಘಿಸಿದವರ ಮೇಲೆ ಹಾಕುವ 188ನೆಯ ಕಲಮಿನ ಪ್ರಕರಣಗಳು. ಅವು 29,469ರಿಂದ 6,12,179ಕ್ಕೆ ಜಿಗಿದವು. ಅನುಮತಿಯಿಲ್ಲದೆ ಬೀದಿಗೆ ಬಂದವರೂ ಅಂಗಡಿ ತೆರೆದವರೂ ಅಪರಾಧಿಗಳಾದರು. ಅದೇ ವರ್ಷ ಮಹಿಳೆಯರ ಮೇಲಿನ ಅಪರಾಧ 4,05,326ರಿಂದ 3,71,503ಕ್ಕೆ ಇಳಿಯಿತು. ಇದಾದರೂ ಸಂತೋಷದ ಸುದ್ದಿಯೇ? ಹೊಡೆಯುವ ಗಂಡನೊಡನೆ ಒಂದೇ ಮನೆಯಲ್ಲಿ ಬಂದಿಯಾದ ಹೆಂಗಸು ಠಾಣೆಗೆ ಹೋಗುವುದಾದರೂ ಹೇಗೆ?

ಇನ್ನೊಂದು ನಿಯಮವನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಒಂದೇ ಎಫ್‌ಐಆರಿನಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೋ ಅತಿ ಘೋರವಾದ ಒಂದನ್ನು ಮಾತ್ರ ಲೆಕ್ಕ ಹಿಡಿಯುತ್ತದೆ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಕಾನೂನು ಬದಲಾದಂತೆ ಲೆಕ್ಕದ ಖಾನೆಗಳೂ ಬದಲಾಗುತ್ತವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿರುವುದರಿಂದ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಹೋಲಿಸುವಾಗ ಇನ್ನಷ್ಟು ಎಚ್ಚರ ಬೇಕು. ಬ್ಯೂರೋ ಕೂಡ ತನ್ನ ವರದಿಯಲ್ಲಿ, ಅಪರಾಧ ಹೆಚ್ಚುವುದು ಬೇರೆ, ಅಪರಾಧದ ನೋಂದಣಿ ಹೆಚ್ಚುವುದು ಬೇರೆ ಎಂದು ಎಚ್ಚರಿಸಿದೆ. ಆದರೆ ಆ ಪುಟವನ್ನು ಓದುವವರು ಕಡಿಮೆ.

ಹೆಣ ಸುಳ್ಳು ಹೇಳದು

ಹಾಗಾದರೆ ನಂಬುವ ಅಂಕಿಯೇ ಇಲ್ಲವೇ? ಇದೆ. ಅದು ಕೊಲೆಯ ಅಂಕಿ. ಕಳವನ್ನು ನುಂಗಿಕೊಳ್ಳಬಹುದು, ಅವಮಾನವನ್ನು ಮುಚ್ಚಿಡಬಹುದು. ಹೆಣವನ್ನು ಮುಚ್ಚಿಡುವುದು ಅಷ್ಟು ಸುಲಭವಲ್ಲ. ಅಪಘಾತವೆಂದೋ ಆತ್ಮಹತ್ಯೆಯೆಂದೋ ದಾಟಿಸಿದ ಕೆಲವು ಸಾವುಗಳಿರಬಹುದು. ಆದರೂ ಉಳಿದೆಲ್ಲ ಅಪರಾಧಗಳಿಗಿಂತ ಈ ಲೆಕ್ಕ ಹೆಚ್ಚು ಭದ್ರ. ಜಗತ್ತಿನ ಎಲ್ಲೆಡೆ ತಜ್ಞರು ದೇಶದೇಶಗಳನ್ನು ಹೋಲಿಸುವಾಗ ಮೊದಲು ನೋಡುವುದು ಇದನ್ನೇ.

1953ರಲ್ಲಿ ನಮ್ಮ ದೇಶದಲ್ಲಿ 9,802 ಕೊಲೆಗಳು ದಾಖಲಾದವು. ಲಕ್ಷ ಜನರಿಗೆ ಸುಮಾರು 2.6. ಅಲ್ಲಿಂದ ಏರುತ್ತ ಹೋಗಿ 1992ರಲ್ಲಿ ಸಂಖ್ಯೆ 40 ಸಾವಿರ ಮುಟ್ಟಿತು, ಲಕ್ಷಕ್ಕೆ 4.6. ಆಮೇಲೆ ಇಳಿಮುಖ. 2022ರಲ್ಲಿ 28,522, 2023ರಲ್ಲಿ 27,721. ಜನಸಂಖ್ಯೆ ಐವತ್ತು ಕೋಟಿಯಷ್ಟು ಹೆಚ್ಚಿದ ಮೇಲೂ ಸಂಖ್ಯೆಯೇ ಇಳಿದಿದೆ. ಲಕ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 2. ಬಾಗಿಲಿಗೆ ಅಗುಳಿಯಿರಲಿಲ್ಲವೆಂದು ನಾವು ಹೊಗಳುವ 1953ಕ್ಕಿಂತಲೂ ಕಡಿಮೆ! 2023ರ ವರದಿ ಬಂದಾಗ ಒಟ್ಟು ಅಪರಾಧ ಶೇಕಡಾ 7.2 ಹೆಚ್ಚಿತೆಂಬುದು ತಲೆಬರಹವಾಯಿತು. ಅದೇ ಪುಸ್ತಕದಲ್ಲಿ ಕೊಲೆ ಶೇಕಡಾ 2.8 ಇಳಿದದ್ದು ಎಷ್ಟು ಜನರ ಗಮನಕ್ಕೆ ಬಂತು?

ನೆರೆಯ ಕೇರಳವನ್ನು ನೋಡಿ. ಲಕ್ಷ ಜನರಿಗೆ ದಾಖಲಾಗುವ ಒಟ್ಟು ಅಪರಾಧದಲ್ಲಿ ಆ ರಾಜ್ಯ ಮೇಲಿನ ಸಾಲಿನಲ್ಲಿರುತ್ತದೆ. ಕೊಲೆಯ ಪಟ್ಟಿಯಲ್ಲಿ ಕೆಳಗಿನ ಸಾಲು. 2022ರಲ್ಲಿ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಓದು ಬಲ್ಲ, ಹಕ್ಕು ಬಲ್ಲ ಜನ ಠಾಣೆಯ ಮೆಟ್ಟಿಲು ಹತ್ತಲು ಅಂಜುವುದಿಲ್ಲ. ಒಟ್ಟು ಅಂಕಿಯನ್ನಷ್ಟೇ ನೋಡಿದವರಿಗೆ ಅದು ಭಯಂಕರ ರಾಜ್ಯವಾಗಿ ಕಂಡೀತು.

ನೊಂದವರನ್ನೇ ಕೇಳುವ ವಿಧಾನ

ಠಾಣೆಯ ಪುಸ್ತಕ ಸಾಲದಿದ್ದರೆ ಜನರನ್ನೇ ಕೇಳಬಹುದಲ್ಲ? ಅಮೆರಿಕ 1973ರಿಂದ ಹಾಗೆ ಮಾಡುತ್ತ ಬಂದಿದೆ. ಮನೆಮನೆಗಳನ್ನು ವೈಜ್ಞಾನಿಕವಾಗಿ ಆರಿಸಿ, ‘ಕಳೆದ ಆರು ತಿಂಗಳಲ್ಲಿ ನಿಮಗೆ ಹೀಗೇನಾದರೂ ಆಯಿತೇ? ಪೊಲೀಸರಿಗೆ ಹೇಳಿದಿರಾ?’ ಎಂದು ವಿಚಾರಿಸುತ್ತಾರೆ. ಹಿಂಸೆಗೆ ಒಳಗಾದ ಪ್ರಸಂಗಗಳಲ್ಲಿ ಅರ್ಧದಷ್ಟೂ ಪೊಲೀಸರಿಗೆ ತಿಳಿಯುವುದಿಲ್ಲವೆಂಬುದು ಇದರಿಂದಲೇ ಹೊರಬಂತು. ಇಂಗ್ಲೆಂಡ್ 1982ರಲ್ಲಿ ಇಂಥದೇ ಸಮೀಕ್ಷೆ ಆರಂಭಿಸಿತು. ಅದರ ಪ್ರಕಾರ ಅಲ್ಲಿ ಅಪರಾಧ ಶಿಖರ ಮುಟ್ಟಿದ್ದು 1995ರಲ್ಲಿ. ಬಳಿಕ ಇಳಿಯುತ್ತ ಹೋಯಿತು. 2002ರಲ್ಲಿ ದಾಖಲಾತಿಯ ನಿಯಮ ಬಿಗಿ ಮಾಡಿ, ನೊಂದವರು ಹೇಳಿದ್ದನ್ನು ಬರೆದುಕೊಳ್ಳಲೇಬೇಕೆಂದಾಗ ಪೊಲೀಸ್ ಪುಸ್ತಕದಲ್ಲಿ ಹಿಂಸೆಯ ಪ್ರಕರಣಗಳು ಏರಿದವು. ಸಮೀಕ್ಷೆಯಲ್ಲಿ ಅದೇ ಹಿಂಸೆ ಇಳಿಯುತ್ತಿತ್ತು. 2014ರಲ್ಲಿ ಅಲ್ಲಿನ ಪೊಲೀಸ್ ತನಿಖಾ ಸಂಸ್ಥೆ ಪರೀಕ್ಷಿಸಿದಾಗ, ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲೇ ಶೇಕಡಾ 19ರಷ್ಟು ಪುಸ್ತಕ ಸೇರಿರಲಿಲ್ಲ. ಹೆಸರಾಂತ ಪೊಲೀಸರ ನಾಡಿನ ಕಥೆಯೇ ಹೀಗೆ.

ನಮ್ಮಲ್ಲಿ ವರ್ಷವರ್ಷವೂ ನಡೆಯುವ ಇಂಥ ರಾಷ್ಟ್ರೀಯ ಸಮೀಕ್ಷೆಯ ಪದ್ಧತಿ ಇನ್ನೂ ಬೆಳೆದಿಲ್ಲ. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ದೆಹಲಿ, ಮುಂಬಯಿ, ಚೆನ್ನೈಗಳ ಜೊತೆಗೆ ನಮ್ಮ ಬೆಂಗಳೂರಿನಲ್ಲೂ ಮನೆಮನೆ ವಿಚಾರಿಸಿ 2017ರಲ್ಲಿ ಒಂದು ವರದಿ ಹೊರತಂದಿತು. ಕಳವಿಗೆ ಒಳಗಾದವರಲ್ಲಿ ಎಫ್‌ಐಆರ್ ತನಕ ಮುಟ್ಟಿದವರು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಎಂದು ಅದರಿಂದ ತಿಳಿಯಿತು.

ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇನ್ನೂ ಕಠೋರ ಸತ್ಯವನ್ನು ಹೇಳುತ್ತದೆ. 2019-21ರ ಸುತ್ತಿನಲ್ಲಿ ದೇಶದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 29ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 44.4, ಹಿಂದಿನ ಸುತ್ತಿನಲ್ಲಿ 20.6 ಇತ್ತು. ಇಷ್ಟು ದೊಡ್ಡ ಜಿಗಿತ ಬಂದಾಗ ವಿಜ್ಞಾನದ ವಿದ್ಯಾರ್ಥಿ ಇನ್ನೊಂದು ಓದು ತೆಗೆದು ನೋಡುತ್ತಾನೆ. ಸಮೀಕ್ಷೆಯೂ ಒಂದು ಸಾಧನವೇ ತಾನೆ? ಆದರೆ 20 ಎಂದಿಟ್ಟುಕೊಂಡರೂ ಐವರಲ್ಲಿ ಒಬ್ಬಳು! ಹಿಂಸೆ ಅನುಭವಿಸಿದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇಕಡಾ 14 ಮಾತ್ರ. ಮುಕ್ಕಾಲು ಪಾಲಿಗೂ ಹೆಚ್ಚಿನವರು ಯಾರಿಗೂ ಹೇಳಿಯೇ ಇರಲಿಲ್ಲ.

ಒಂದು ಚೀಟಿ

ಈ ಪಾಠವನ್ನು ಕೈಯಾರೆ ಕಲಿಯಲೆಂದು ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೆಸರಿಲ್ಲದ ಚೀಟಿ ಬರೆಯಲು ಹೇಳಿದೆ. ಕಳೆದ ಒಂದು ವರ್ಷದಲ್ಲಿ ನಿಮಗಾಗಲಿ ಮನೆಯವರಿಗಾಗಲಿ ಕಳವು, ಮೋಸ, ಹೊಡೆತ, ಪೀಡನೆ ಆಗಿದೆಯೇ? ಯಾರಿಗೆ ತಿಳಿಸಿದಿರಿ? ಸೈಕಲ್ಲು, ಕೋಳಿ, ಪಂಪ್‌ಸೆಟ್ಟಿನ ಕೇಬಲ್ಲು, ಬ್ಯಾಂಕಿನವರೆಂದು ಫೋನಿನಲ್ಲಿ ನಂಬಿಸಿ ದೋಚಿದ ಹಣ, ಹೀಗೆ ಚೀಟಿಗಳು ಬಂದವು. ಠಾಣೆಗೆ ಹೋದವರು ಕೈಬೆರಳಿನಲ್ಲಿ ಎಣಿಸುವಷ್ಟು.

ಒಂದು ಚೀಟಿಯಲ್ಲಿ ಮಾತ್ರ ಬೇರೆಯದೇ ಇತ್ತು. ಬೆಳಗಿನ ಬಸ್ಸಿನಲ್ಲಿ ಒಬ್ಬಾತ ದಿನವೂ ಮೈಮೇಲೆ ಬೀಳುತ್ತಾನೆ ಎಂದು ಬರೆದು, ಅದರ ಕೆಳಗೆ, ಮನೆಯಲ್ಲಿ ಹೇಳಿಲ್ಲ, ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂದಿತ್ತು.

ಅಕ್ಷರ ಯಾರದೆಂದು ನಾನು ಹುಡುಕಲು ಹೋಗಲಿಲ್ಲ. ನಮ್ಮ ಸಹೋದ್ಯೋಗಿ ಶಿಕ್ಷಕಿಯರಿಗೆ ಚೀಟಿ ತೋರಿಸಿದೆ. ಅವರು ಹೆಣ್ಣುಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿದರು. ಮುಖ್ಯೋಪಾಧ್ಯಾಯರು ಠಾಣೆಗೆ ಬರೆದು ತಿಳಿಸಿದರು. ಪೋಕ್ಸೋ ಕಾಯ್ದೆಯಂತೆ ಅದು ನಮ್ಮ ಕರ್ತವ್ಯವೂ ಹೌದು. ಕಂಡಕ್ಟರಿಗೆ ಹೇಳಿದೆವು, ಆ ಬಸ್ಸಿನಲ್ಲಿ ಸರದಿಯ ಮೇಲೆ ನಾವೇ ಪ್ರಯಾಣ ಮಾಡಿದೆವು. ಕಾಟ ನಿಂತಿತೆಂದು ಮಕ್ಕಳು ಹೇಳಿದರು.

ಅದಾದ ಕೆಲವೇ ದಿನಕ್ಕೆ ಪೋಷಕರ ಸಭೆ. ತಂದೆಯೊಬ್ಬರು ಎದ್ದುನಿಂತು, ಪೇಪರಿನಲ್ಲಿ ದಿನಾ ಇದೇ ಸುದ್ದಿ ಸಾರ್, ಹತ್ತನೇ ಕ್ಲಾಸಾದ ಮೇಲೆ ಮಗಳನ್ನು ಪೇಟೆಯ ಕಾಲೇಜಿಗೆ ಕಳಿಸುವ ಧೈರ್ಯವಿಲ್ಲ ಎಂದರು. ಹಲವರು ಹೌದೆಂದರು. ಅವರ ಭಯವನ್ನು ನಗೆಯಾಡುವ ಹಕ್ಕು ನನಗಿಲ್ಲ. ಆದರೆ ಆ ಚೀಟಿಯ ಎರಡನೆಯ ಸಾಲು ನನ್ನ ಕಣ್ಣೆದುರಿಗೇ ಇತ್ತು. ನಾನು ಹೇಳಿದ್ದಿಷ್ಟು: ‘ನಿಮ್ಮ ಮಾತನ್ನು ಮಗಳು ಕೇಳಿಸಿಕೊಂಡಿರುತ್ತಾಳೆ. ನಾಳೆ ಅವಳಿಗೆ ತೊಂದರೆಯಾದರೆ ಅದನ್ನು ಹೇಳುವುದಕ್ಕೆ ಕೊಡಬೇಕಾದ ಬೆಲೆ ಕಾಲೇಜು ಎಂದು ಅವಳಿಗೆ ಈಗಲೇ ಗೊತ್ತಾಗಿದೆ. ಅವಳು ಹೇಳುವುದಿಲ್ಲ. ನೀವು ಎಲ್ಲ ಕ್ಷೇಮವೆಂದುಕೊಳ್ಳುತ್ತೀರಿ.’

ಇನ್ನೊಂದು ಸಂಗತಿಯನ್ನೂ ಅವರ ಮುಂದಿಟ್ಟೆ. ಬ್ಯೂರೋದ ಲೆಕ್ಕದಲ್ಲಿ ಅತ್ಯಾಚಾರದ ಪ್ರಕರಣಗಳ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಸ್ನೇಹಿತ. 2023ರಲ್ಲಿ ಮಹಿಳೆಯರ ಮೇಲಿನ ಅಪರಾಧವೆಂದು ದಾಖಲಾದ 4,48,211 ಪ್ರಕರಣಗಳಲ್ಲಿ ಅತಿ ದೊಡ್ಡ ಪಾಲು ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದು. ಓದು ಬಿಡಿಸಿ ಬೇಗ ಮದುವೆ ಮಾಡುವುದು ಅಪಾಯದಿಂದ ದೂರ ಒಯ್ಯುವ ದಾರಿಯೆಂದು ಈ ಅಂಕಿಗಳು ಹೇಳುವುದಿಲ್ಲ. ಸಭೆ ಒಂದು ಕ್ಷಣ ಮೌನವಾಯಿತು. ಹಿಂದಿನ ಸಾಲಿನಲ್ಲಿದ್ದ ತಾಯಂದಿರಲ್ಲಿ ಕೆಲವರು ತಲೆ ತಗ್ಗಿಸಿದ್ದರು.

ವಿದ್ಯಾರ್ಥಿ ಮಿತ್ರರೇ, ಇನ್ನು ಮುಂದೆ ‘ಅಪರಾಧ ಹೆಚ್ಚಳ’ ಎಂಬ ತಲೆಬರಹ ಕಂಡರೆ ಕೆಲವು ಪ್ರಶ್ನೆ ಕೇಳಿ. ಇದು ಬರೀ ಸಂಖ್ಯೆಯೋ, ಲಕ್ಷ ಜನರಿಗೆ ಇಷ್ಟೆಂಬ ದರವೋ? ಒಂದೇ ವರ್ಷದ ಏರಿಳಿತವೋ, ಹತ್ತಾರು ವರ್ಷಗಳ ಗತಿಯೋ? ನಡುವೆ ಕಾನೂನು ಬದಲಾಯಿತೇ? ದೂರು ಕೊಡುವುದು ಸುಲಭವಾಯಿತೇ? ಕೊಲೆಯ ಅಂಕಿ ಯಾವ ಕಡೆಗೆ ಹೋಗಿದೆ? ಎಲ್ಲ ಏರಿಕೆಯೂ ಹುಸಿಯೆಂದು ತಿಳಿಯಬೇಡಿ. ಸೈಬರ್ ಅಪರಾಧ 2022ರಲ್ಲಿ 65,893 ಇದ್ದದ್ದು 2023ರಲ್ಲಿ 86,420 ಆಯಿತು. ಕೈಕೈಯಲ್ಲೂ ಫೋನು ಬಂದಂತೆ ಹೊಸ ಬಗೆಯ ಕಳ್ಳರೂ ಬಂದಿದ್ದಾರೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಹಣ ಕೈತಪ್ಪುತ್ತದೆ. ಮಕ್ಕಳಿಗೆ ಯಾವ ತೊಂದರೆಯಾದರೂ 1098, ತುರ್ತಿಗೆ 112. ಈ ಸಂಖ್ಯೆಗಳನ್ನು ಸೂತ್ರಗಳಂತೆ ಬಾಯಿಪಾಠ ಮಾಡಿಕೊಳ್ಳಿ.

ಪೋಷಕರಲ್ಲಿ ಒಂದೇ ವಿನಂತಿ. ಮಗುವು ಏನನ್ನಾದರೂ ಹೇಳಿದಾಗ ಮೊದಲ ಮಾತು ‘ನೀನೇಕೆ ಅಲ್ಲಿಗೆ ಹೋಗಿದ್ದೆ?’ ಎಂದಾಗದಿರಲಿ. ಹೇಳಿದ್ದು ಒಳ್ಳೆಯದಾಯಿತು ಎಂದಾಗಲಿ. ಯಾವ ಕಾನೂನು ಬಂದರೂ, ಎಷ್ಟು ಠಾಣೆ ತೆರೆದರೂ ಮಗು ಮೊದಲು ಹೇಳುವುದು ಮನೆಯಲ್ಲೇ. ಅಲ್ಲಿ ಬಾಯಿ ಮುಚ್ಚಿಸಿದರೆ ಮುಂದಿನ ಬಾಗಿಲು ಯಾವುದೂ ತೆರೆಯುವುದಿಲ್ಲ.

ಆ ಸಭೆಯ ನಂತರ ನಮ್ಮ ಶಾಲೆಯಲ್ಲಿ ಒಂದು ದೂರಿನ ಪೆಟ್ಟಿಗೆ, ಒಂದು ದೂರಿನ ಪುಸ್ತಕ ಆರಂಭವಾದವು. ಪ್ರತಿ ಶನಿವಾರ ಇಬ್ಬರು ಶಿಕ್ಷಕಿಯರು ಪೆಟ್ಟಿಗೆ ತೆಗೆದು, ಬಂದದ್ದನ್ನು ಪುಸ್ತಕದಲ್ಲಿ ಬರೆದು, ಏನು ಮಾಡಿದೆವೆಂಬುದನ್ನೂ ಎದುರಿಗೆ ಬರೆಯುತ್ತಾರೆ. ಮೊದಲ ವರ್ಷ ಕೆಲವೇ ಪುಟ ತುಂಬಿದವು. ಎರಡನೆಯ ವರ್ಷ ಅದರ ಎರಡರಷ್ಟು. ಇನ್‌ಸ್ಪೆಕ್ಷನ್ನಿಗೆ ಬಂದವರು ಇದನ್ನು ನೋಡಿದರೆ ಶಾಲೆ ಕೆಟ್ಟಿದೆ ಎಂದಾರು, ಸ್ವಲ್ಪ ಕಡಿಮೆ ಬರೆದರಾಗದೇ ಎಂದು ಸಹೋದ್ಯೋಗಿಯೊಬ್ಬರು ಮೆಲ್ಲಗೆ ಸೂಚಿಸಿದರು. ಬಂದದ್ದೆಲ್ಲವನ್ನೂ ಬರೆಯೋಣ, ಕೇಳಿದವರಿಗೆ ನಾನೇ ಕೂತು ವಿವರಿಸುತ್ತೇನೆ ಎಂದೆ. ಪುಸ್ತಕ ಈಗಲೂ ಶಿಕ್ಷಕರ ಕೊಠಡಿಯ ಮೇಜಿನ ಮೇಲಿದೆ, ಪುಟಗಳು ತುಂಬುತ್ತಿವೆ.